ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್: ಜನ ತುಂಬಿದ ಚಿತ್ರಗಳನ್ನು ಓದುವ ಬಗೆ

ಮಂಗಳೂರಿನ ಬಾವುಟಗುಡ್ಡೆಯ ಮೇಲಿರುವ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಲಯ ತನ್ನ ಒಳಗೋಡೆಗಳನ್ನೂ ಚಾವಣಿಯನ್ನೂ ಆವರಿಸಿದ ವರ್ಣಚಿತ್ರಗಳಿಗಾಗಿ ಪ್ರಸಿದ್ಧವಾಗಿದೆ. ಊರಿನವರು ಇದನ್ನು ಅಲೋಶಿಯಸ್ ಚಾಪೆಲ್ ಎಂದೇ ಕರೆಯುತ್ತಾರೆ. ಕಟ್ಟಡ 1880ರ ದಶಕದ್ದು. ಇಟಲಿಯ ಜೆಸ್ವಿಟ್ ಸಹೋದರ ಆಂಟೋನಿಯೊ ಮೊಸ್ಕೇನಿ 1899ರ ಸುಮಾರಿಗೆ ಇಲ್ಲಿ ಕೆಲಸ ಹಿಡಿದು, ಶತಮಾನ ತಿರುಗುವ ಹೊತ್ತಿಗೆ ಇಡೀ ಒಳಾಂಗಣವನ್ನು ಚಿತ್ರಗಳಿಂದ ತುಂಬಿದ. ಒಂದೊಂದು ಚಿತ್ರದಲ್ಲೂ ಹತ್ತಾರು ಜನ: ಆಸ್ಥಾನಿಕರು, ಗುರುಗಳು, ರೋಗಿಗಳು, ಮಕ್ಕಳು, ಮದುವೆಮನೆಯ ನೆಂಟರು. ಬಾಗಿಲು ದಾಟಿ ಒಳಗೆ ಬಂದವರ ಕಣ್ಣಿಗೆ ಮೊದಲು ಕಾಣುವುದು ಬಣ್ಣ. ಕಥೆ ಕಾಣಲು ಸಮಯ ಹಿಡಿಯುತ್ತದೆ. ಪುನರುಜ್ಜೀವನ ಕಾಲದ ಇಟಲಿಯಲ್ಲಿ ರೂಪುಗೊಂಡ, ಇಗರ್ಜಿಯ ಒಳಗಿನ ಜನಸಂದಣಿಯನ್ನು ಚಿತ್ರಿಸುವ ಕಲೆಯ ನಿಯಮಗಳು ಗೊತ್ತಿದ್ದರೆ ಆ ಕಥೆ ಬೇಗ ಬಿಚ್ಚಿಕೊಳ್ಳುತ್ತದೆ. ಆ ನಿಯಮಗಳಿಂದ ಮೊಸ್ಕೇನಿ ಎಲ್ಲಿ ದೂರ ಸರಿದ ಎಂಬುದನ್ನು ಗಮನಿಸಿದರೆ ಮಂಗಳೂರಿನ ಚಿತ್ರಗಳ ಸ್ವಂತಿಕೆಯೂ ತಿಳಿಯುತ್ತದೆ.

ಹಿನ್ನೆಲೆ

ಕೆನರಾ ಕರಾವಳಿಯ ಕಥೋಲಿಕರು ಹದಿನಾರನೆಯ ಶತಮಾನದಿಂದ ಇಗರ್ಜಿಗಳನ್ನು ಕಟ್ಟುತ್ತ ಬಂದವರು. ಆದರೆ 1784ರಲ್ಲಿ ಟಿಪ್ಪು ಸುಲ್ತಾನನು ಸಮುದಾಯವನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದ ಕಾಲದಲ್ಲಿ ಹಳೆಯ ಇಗರ್ಜಿಗಳು ನೆಲಸಮವಾದವು. 1799ರ ಬಳಿಕ ಮರಳಿದವರು ಗೋಡೆ ಎಬ್ಬಿಸುವುದರಿಂದಲೇ ಮತ್ತೆ ಶುರುಮಾಡಬೇಕಾಯಿತು. ಹಾಗಾಗಿ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮಂಗಳೂರಿನ ಒಂದು ಪ್ರಾರ್ಥನಾಲಯ ನೆಲದಿಂದ ಮಾಡಿನವರೆಗೆ ಚಿತ್ರಗಳಿಂದ ತುಂಬಿದ್ದು ಆ ಸಮುದಾಯದ ಪಾಲಿಗೆ ಬರೀ ಅಲಂಕಾರದ ಸಂಗತಿಯಾಗಿರಲಿಲ್ಲ.

ಇಟಲಿಯ ವೆನಿಸ್ ಪ್ರಾಂತಕ್ಕೆ ಸೇರಿದ ಜೆಸ್ವಿಟರು 1878ರ ಡಿಸೆಂಬರ್ 31ರಂದು ಮಂಗಳೂರಿಗೆ ಬಂದಿಳಿದರು. ಕೊಂಕಣಿ ವ್ಯಾಕರಣ, ನಿಘಂಟುಗಳನ್ನು ರಚಿಸಿದ ಆಂಜೆಲೊ ಮಾಫೆಯಿ, ಕಂಕನಾಡಿಯ ಆಸ್ಪತ್ರೆಯನ್ನು ಕಟ್ಟಿದ ಅಗಸ್ಟಸ್ ಮುಲ್ಲರ್ ಇಬ್ಬರೂ ಈ ಮಿಷನ್ನಿನವರೇ. 1880ರ ಜನವರಿಯಲ್ಲಿ ಕಾಲೇಜು ಆರಂಭವಾಯಿತು. ಅದಕ್ಕೆ ವಿದ್ಯಾರ್ಥಿಗಳ ಪಾಲಕಸಂತನೆಂದು ಮಾನ್ಯನಾದ ಅಲೋಶಿಯಸ್ ಗೊನ್ಝಾಗನ ಹೆಸರಿಟ್ಟರು.

ಮೊಸ್ಕೇನಿ 1854ರಲ್ಲಿ ಉತ್ತರ ಇಟಲಿಯ ಬೆರ್ಗಾಮೊ ಸಮೀಪದ ಸ್ತೆತ್ಸಾನೊ ಎಂಬ ಊರಿನಲ್ಲಿ ಹುಟ್ಟಿದ. ಬೆರ್ಗಾಮೊದ ಕರಾರಾ ಅಕಾಡೆಮಿಯಲ್ಲಿ ಚಿತ್ರಕಲೆ ಕಲಿತ. ಈ ಅಕಾಡೆಮಿಗೆ ತನ್ನದೇ ಚಿತ್ರಶಾಲೆಯೂ ಇತ್ತು ಎಂಬುದು ಇಲ್ಲಿ ಮುಖ್ಯ. ಮಂತೆನ್ಯ, ಬೆಲ್ಲಿನಿ, ಲೊರೆಂಜೊ ಲೊತ್ತೊ, ಮೊರೋನಿ ಮುಂತಾದವರ ಮೂಲ ಕೃತಿಗಳು ವಿದ್ಯಾರ್ಥಿಯ ಕಣ್ಣೆದುರಿಗೇ ಇದ್ದವು. 1889ರಲ್ಲಿ ಆತ ಜೆಸ್ವಿಟರ ಸಂಘವಾದ ಯೇಸುಸಭೆ ಸೇರಿದ. ಗುರುದೀಕ್ಷೆ ಪಡೆಯದೆ ಸಹೋದರನಾಗಿಯೇ ಉಳಿದು, ಸಭೆ ಕಳಿಸಿದ ಕಡೆ ಕುಂಚ ಹಿಡಿದು ನಡೆದ. ರಾಜಾ ರವಿವರ್ಮ (1848–1906) ಇವನ ಸಮಕಾಲೀನ. ಯುರೋಪಿನ ಅಕಾಡೆಮಿಗಳ ತೈಲವರ್ಣ ಶೈಲಿ ಭಾರತದ ಪುರಾಣಕಥೆಗಳಿಗೆ ಒಗ್ಗಿಕೊಳ್ಳುತ್ತಿದ್ದ ಕಾಲದಲ್ಲೇ ಅದೇ ಶೈಲಿ ಮಂಗಳೂರಿನ ಗೋಡೆಗಳ ಮೇಲೂ ಹರಡಿತು.

ಚಿತ್ರಗಳ ಕ್ರಮ

ಚಾಪೆಲ್‌ನ ಚಿತ್ರಗಳಿಗೆ ಜಾಗದ ಲೆಕ್ಕವಿದೆ. ಚಾವಣಿಯ ನಡುಪಟ್ಟಿಯಲ್ಲಿ ಅಲೋಶಿಯಸ್‌ನ ಜೀವನದ ಘಟನೆಗಳಿವೆ: ಆಸ್ಥಾನದ ಬದುಕು, ಪ್ರಥಮ ಪರಮಪ್ರಸಾದ, ಯೇಸುಸಭೆಗೆ ಪ್ರವೇಶ, ರೋಮಿನ ರೋಗಿಗಳ ಸೇವೆ. ಚಾವಣಿಯ ಇಳಿಜಾರಿನಲ್ಲಿ ಅಪೊಸ್ತಲರು, ಕಮಾನುಗಳ ಮೇಲ್ಸಾಲಿನಲ್ಲಿ ಧರ್ಮಸಭೆಯ ಸಂತರು. ಯೇಸುವಿನ ಜನನ, ಜೋರ್ಡಾನ್ ನದಿಯಲ್ಲಿ ದೀಕ್ಷಾಸ್ನಾನ, ಕಾನಾ ಊರಿನ ಮದುವೆ, ಶಿಲುಬೆಯ ಮರಣ ಇವು ದೊಡ್ಡ ಚಿತ್ರಗಳಾಗಿ ಗೋಡೆಗಳಲ್ಲಿವೆ. ಹಿಂಬದಿಯ ಗೋಡೆಯಲ್ಲಿ ಮಕ್ಕಳ ಗೆಳೆಯನಾಗಿ ಯೇಸು ಇದ್ದಾನೆ. ಚಿತ್ರಗಳ ನಡುವಿನ ಜಾಗವನ್ನು ಹೂಮಾಲೆಗಳೂ, ಕಲ್ಲಿನಲ್ಲಿ ಕೆತ್ತಿದಂತೆ ಭ್ರಮೆ ಹುಟ್ಟಿಸುವ ಬಣ್ಣದ ಕಂಬ-ಅಂಚುಗಳೂ ತುಂಬಿವೆ.

ಅಪೊಸ್ತಲರನ್ನು ಗುರುತಿಸುವುದು ಸುಲಭ. ಪ್ರತಿಯೊಬ್ಬನ ಬಳಿಯೂ ಅವನ ಕಾಯಕದ ಅಥವಾ ಹುತಾತ್ಮಮರಣದ ಗುರುತು ಇರಬೇಕೆಂಬುದು ಶತಮಾನಗಳ ರೂಢಿ. ಪೇತ್ರನಿಗೆ ಬೀಗದಕೈ, ಅಂದ್ರೆಯನಿಗೆ ಅಡ್ಡಡ್ಡ ಕೂಡಿದ ಶಿಲುಬೆ, ಬಾರ್ತಲೋಮಾಯನಿಗೆ ಚರ್ಮ ಸುಲಿದ ಚೂರಿ. ಶಂಖ-ಚಕ್ರ ನೋಡಿ ವಿಷ್ಣುವನ್ನು, ತ್ರಿಶೂಲ-ಡಮರು ನೋಡಿ ಶಿವನನ್ನು ಗುರುತಿಸುವ ನಾಡಿನವರಿಗೆ ಈ ಕ್ರಮವನ್ನು ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಅಲೋಶಿಯಸ್‌ನಿಗೂ ಇಂಥ ಗುರುತುಗಳಿವೆ: ಕಪ್ಪು ನಿಲುವಂಗಿಯ ಮೇಲೆ ಬಿಳಿ ಮೇಲಂಗಿ, ಲಿಲ್ಲಿ ಹೂ, ಶಿಲುಬೆ, ತಲೆಬುರುಡೆ, ಮತ್ತು ಪಕ್ಕಕ್ಕೆ ಇಟ್ಟುಬಿಟ್ಟ ಕಿರೀಟ. ಕೊನೆಯದನ್ನು ಬಹಳ ಜನ ಗಮನಿಸುವುದಿಲ್ಲ. ಆತ ಬಿಟ್ಟುಕೊಟ್ಟ ಅಧಿಕಾರದ ಗುರುತು ಅದು.

ಜನ ತುಂಬಿದ ಇಗರ್ಜಿಯ ಚಿತ್ರ: ಇಟಲಿಯ ಪರಂಪರೆ

ಒಂದು ಇಗರ್ಜಿಯ ಒಳಗೆ ನೂರಾರು ಜನರನ್ನು ಕೂಡಿಸಿ, ಆದರೂ ನೋಡುವವನು ದಾರಿ ತಪ್ಪದಂತೆ ಚಿತ್ರಿಸುವುದು ಹದಿನೈದನೆಯ ಶತಮಾನದ ಕಲಾವಿದರು ತಾವೇ ಹಾಕಿಕೊಂಡ ಕಠಿಣ ಸವಾಲು. ದೂರ ಹೋದಂತೆ ಗೆರೆಗಳು ಒಂದೇ ಬಿಂದುವಿನಲ್ಲಿ ಕೂಡುವ ರೇಖಾವಿಧಾನ ಅವರಿಗೆ ಸಿಕ್ಕಿತ್ತು. 1427ರ ಸುಮಾರಿಗೆ ಮಸಾಚ್ಚೊ ಫ್ಲಾರೆನ್ಸಿನ ಗೋಡೆಯೊಂದರ ಮೇಲೆ ಕಮಾನಿನ ಕೋಣೆಯನ್ನು ಕೊರೆದಂತೆ ಬರೆದು ತೋರಿಸಿದ್ದ. 1435ರಲ್ಲಿ ಆಲ್ಬರ್ತಿ ಚಿತ್ರಕಲೆಯ ಬಗ್ಗೆ ಬರೆದ ಗ್ರಂಥದಲ್ಲಿ ಈ ವಿಧಾನವನ್ನು ಶಾಸ್ತ್ರವಾಗಿ ನಿರೂಪಿಸಿದ. ಅಲ್ಲಿ ಇನ್ನೊಂದು ಸಲಹೆಯೂ ಇದೆ: ಚಿತ್ರದೊಳಗಿನ ಒಬ್ಬನಾದರೂ ನೋಡುಗನ ಕಡೆ ತಿರುಗಿ, ನಡೆಯುತ್ತಿರುವುದೇನೆಂದು ಕೈಸನ್ನೆ ಮಾಡಿ ತೋರಿಸಲಿ. ಗುಂಪಿನ ಚಿತ್ರದ ಮುಂದೆ ನಿಂತಾಗ ಮೊದಲು ಹುಡುಕಬೇಕಾದವನು ಈತನೇ.

ವೆನಿಸ್‌ನ ವಿತ್ತೋರೆ ಕರ್ಪಾಚ್ಚೊ 1512–15ರ ಸುಮಾರಿಗೆ ಬರೆದ ಚಿತ್ರವೊಂದು ಈ ವಿಷಯಕ್ಕೆ ಅತ್ಯುತ್ತಮ ಉದಾಹರಣೆ. ಕಾಸ್ತೆಲ್ಲೊದ ಸಂತ ಅಂತೋನಿ ಇಗರ್ಜಿಯ ಮಠಾಧಿಕಾರಿ ಪ್ಲೇಗಿನ ದಿನಗಳಲ್ಲಿ ಮಠವನ್ನು ಕಾಪಾಡೆಂದು ಮೊರೆಯಿಟ್ಟ. ಅರಾರತ್ ಬೆಟ್ಟದ ಹತ್ತುಸಾವಿರ ಹುತಾತ್ಮರು ಸಾಲುಗಟ್ಟಿ ಇಗರ್ಜಿಯೊಳಗೆ ಬರುವ ದರ್ಶನ ಅವನಿಗಾಯಿತು. ಚಿತ್ರದಲ್ಲಿ ಆ ಮೆರವಣಿಗೆ ಶಿಲುಬೆಗಳನ್ನು ಹೊತ್ತು ಒಳಗೆ ಹರಿದುಬರುತ್ತದೆ. ಮೇಲಿನ ತೊಲೆಗಳಿಂದ ಹಡಗಿನ ಪ್ರತಿಕೃತಿಗಳೂ ಇತರ ಹರಕೆಯ ವಸ್ತುಗಳೂ ತೂಗುತ್ತಿವೆ. ಹಳೆಯ ಗಾಥಿಕ್ ಶೈಲಿಯ ಪೀಠಚಿತ್ರವೂ ಹೊಸ ಶೈಲಿಯ ಕಲ್ಲಿನ ಬಲಿಪೀಠವೂ ಅಕ್ಕಪಕ್ಕದಲ್ಲಿವೆ. ದರ್ಶನ ಅಲೌಕಿಕ, ಕಟ್ಟಡ ಪೂರ್ತಿ ಲೌಕಿಕ. ಆ ಇಗರ್ಜಿಯನ್ನು ನೆಪೋಲಿಯನ್ ಕಾಲದಲ್ಲಿ ಕೆಡವಿದರು. ಅದರ ಒಳಾಂಗಣ ಹೇಗಿತ್ತೆಂದು ತಿಳಿಯಲು ಇಂದು ವೆನಿಸ್‌ನ ಅಕಾಡೆಮಿಯ ಚಿತ್ರಶಾಲೆಯಲ್ಲಿರುವ ಈ ಚಿತ್ರವನ್ನೇ ನೋಡಬೇಕು.

ರೋಮಿನ ವ್ಯಾಟಿಕನ್ ಅರಮನೆಯಲ್ಲಿ ರಫಾಯೆಲ್ 1512ರಲ್ಲಿ ಬರೆದ ಬೊಲ್ಸೇನದ ಬಲಿಪೂಜೆಯ ಚಿತ್ರ ಇನ್ನೊಂದು ಪಾಠ ಕಲಿಸುತ್ತದೆ. ಪೂಜೆಯ ವೇಳೆ ಪ್ರಸಾದದ ರೊಟ್ಟಿಯಿಂದ ರಕ್ತ ಒಸರಿದ ಆ ಪವಾಡ ನಡೆದದ್ದು 1263ರಲ್ಲಿ ಎಂದು ನಂಬಿಕೆ. ಆದರೆ ಬಲಿಪೀಠದ ಆಚೆ ಬದಿಯಲ್ಲಿ ಮೊಣಕಾಲೂರಿದವನು ರಫಾಯೆಲನಿಗೆ ಕೆಲಸ ಕೊಟ್ಟ ಎರಡನೆಯ ಜೂಲಿಯಸ್ ಪೋಪ್. ಎಡಗಡೆ ಜನ ಬೆರಗಿನಿಂದ ಅಲುಗಾಡುತ್ತಿದ್ದರೆ ಬಲಗಡೆ ಪೋಪನ ಪರಿವಾರ ಅಚಲವಾಗಿದೆ. ಎರಡೂವರೆ ಶತಮಾನಗಳ ಅಂತರದ ಜನ ಒಂದೇ ಸೂರಿನಡಿ ಸೇರಿದ್ದಾರೆ. ಇಂಥ ಚಿತ್ರಗಳಲ್ಲಿ ಉಡುಪು ಕಂಡು ಕಾಲ ನಿರ್ಧರಿಸುವಂತಿಲ್ಲ. ಬೈಬಲಿನ ಘಟನೆಗೂ ಆ ಕಾಲದ ಕಲಾವಿದರು ತಮ್ಮೂರಿನವರನ್ನೇ, ತಮ್ಮೂರಿನ ಬಟ್ಟೆಯಲ್ಲೇ ನಿಲ್ಲಿಸುತ್ತಿದ್ದರು. ಉತ್ತರದ ಫ್ಲಾಂಡರ್ಸ್‌ನಲ್ಲಿ ರೋಜಿಯರ್ ವಾನ್ ಡರ್ ವೇಡನ್ 1445–50ರ ಸುಮಾರಿಗೆ ಬರೆದ ಏಳು ಸಂಸ್ಕಾರಗಳ ಪೀಠಚಿತ್ರದಲ್ಲಂತೂ ಏಳು ಸಂಸ್ಕಾರಗಳು ಒಂದೇ ಇಗರ್ಜಿಯೊಳಗೆ ಒಂದೇ ವೇಳೆಗೆ ನಡೆಯುತ್ತವೆ. ನಡುವಿನ ಶಿಲುಬೆ ಮಾತ್ರ ಉಳಿದೆಲ್ಲಕ್ಕಿಂತ ಬಹಳ ದೊಡ್ಡದು. ಅಲ್ಲಿ ಗಾತ್ರ ಹೇಳುವುದು ಮಹತ್ವವನ್ನು, ದೂರವನ್ನಲ್ಲ.

ಕರ್ನಾಟಕದಲ್ಲೂ ಗುಂಪನ್ನು ಚಾವಣಿಗೇರಿಸಿದ ಪರಂಪರೆಯಿದೆ. ಹಂಪಿಯ ವಿರೂಪಾಕ್ಷ ದೇವಾಲಯದ ರಂಗಮಂಟಪದಲ್ಲಿ ವಿದ್ಯಾರಣ್ಯರ ಪಲ್ಲಕ್ಕಿಯ ಮೆರವಣಿಗೆ ಸಾಲಾಗಿ, ಪಕ್ಕಮುಖದಲ್ಲಿ ಸಾಗುತ್ತದೆ. ಅದನ್ನು ನಡೆಯುತ್ತ ಓದಬೇಕು. ಇಟಲಿಯ ಪರಂಪರೆ ನೋಡುಗನನ್ನು ಒಂದೆಡೆ ನಿಲ್ಲಿಸಿ ಆಳಕ್ಕೆ ಎಳೆಯುತ್ತದೆ. ಅಲೋಶಿಯಸ್ ಚಾಪೆಲ್‌ನಲ್ಲಿ ಈ ಎರಡೂ ಅಭ್ಯಾಸಗಳು ಬೇಕಾಗುತ್ತವೆ. ಚಾವಣಿಯ ಕಥೆಯನ್ನು ಹಿಡಿಯಲು ನಡೆಯಬೇಕು, ಒಂದೊಂದು ದೃಶ್ಯದೊಳಗೆ ಇಳಿಯಲು ನಿಲ್ಲಬೇಕು.

ಕಥಾನಾಯಕ ಮತ್ತು ಅವನ ಸುತ್ತಲಿನ ಜನ

ಅಲೋಶಿಯಸ್ ಗೊನ್ಝಾಗ 1568ರ ಮಾರ್ಚ್ 9ರಂದು ಕಾಸ್ತಿಲ್ಯೋನೆಯಲ್ಲಿ ಹುಟ್ಟಿದ. ಅವನದು ಮಾಂತುವ ಪಟ್ಟಣವನ್ನಾಳಿದ ಗೊನ್ಝಾಗ ಮನೆತನದ ಒಂದು ಶಾಖೆ. ಮಂತೆನ್ಯನಂಥ ಚಿತ್ರಕಾರನನ್ನು ಆಸ್ಥಾನದಲ್ಲಿಟ್ಟುಕೊಂಡು, ಮನೆಮಂದಿಯನ್ನೆಲ್ಲ ಅರಮನೆಯ ಗೋಡೆಯ ಮೇಲೆ ಬರೆಸಿಕೊಂಡ ಮನೆತನ ಅದು. ವೈಭವದ ಗುಂಪುಚಿತ್ರಗಳಲ್ಲಿ ನಡುವೆ ಕೂರುವ ಹಕ್ಕು ಹುಟ್ಟಿನಿಂದಲೇ ಬಂದಿದ್ದ ಹುಡುಗ, ಸ್ಪೇನಿನ ಎರಡನೆಯ ಫಿಲಿಪ್ ದೊರೆಯ ಮಗ ಡಾನ್ ಡಿಯೇಗೊನ ಪರಿಚಾರಕನಾಗಿ ಆಸ್ಥಾನವನ್ನು ಹತ್ತಿರದಿಂದ ಕಂಡ. ಹಿರಿಯ ಮಗನಾಗಿದ್ದರೂ 1585ರಲ್ಲಿ ಪಿತ್ರಾರ್ಜಿತವನ್ನು ತಮ್ಮನಿಗೆ ಬಿಟ್ಟುಕೊಟ್ಟು, 17ನೆಯ ವಯಸ್ಸಿನಲ್ಲಿ ರೋಮಿನಲ್ಲಿ ಯೇಸುಸಭೆ ಸೇರಿದ. 1591ರಲ್ಲಿ ರೋಮಿನಲ್ಲಿ ಸಾಂಕ್ರಾಮಿಕ ಹಬ್ಬಿದಾಗ ರೋಗಿಗಳ ಸೇವೆಗೆ ನಿಂತು, ತಾನೂ ಕಾಯಿಲೆಗೆ ಸಿಕ್ಕಿ ಜೂನ್ 21ರಂದು ತೀರಿಕೊಂಡ. ಆಗ ವಯಸ್ಸು 23. ಅವನನ್ನು 1726ರಲ್ಲಿ ಸಂತನೆಂದು ಘೋಷಿಸಲಾಯಿತು.

ಈ ಬದುಕಿನಲ್ಲಿ ಗುಂಪಿಗೆ ಒಂದು ಅರ್ಥವಿದೆ, ಮತ್ತು ಚಾಪೆಲ್‌ನ ಚಿತ್ರಗಳನ್ನು ಬಿಡಿಸುವ ಕೀಲಿ ಅಲ್ಲೇ ಇದೆ. ಆಸ್ಥಾನದ ದೃಶ್ಯದಲ್ಲಿ ಅವನ ಸುತ್ತ ಇರುವವರು ಅವನಿಂದ ಏನನ್ನೋ ಬಯಸುವವರು, ಇಲ್ಲವೇ ಅವನು ತೊರೆದದ್ದನ್ನು ಹಿಡಿದುಕೊಂಡವರು. ರೋಮಿನ ದೃಶ್ಯದಲ್ಲಿ ಸುತ್ತ ಇರುವವರು ಎದ್ದು ಕೂರಲೂ ಆಗದ ರೋಗಿಗಳು. ಚಾವಣಿಯುದ್ದಕ್ಕೂ ಗುಂಪು ಬದಲಾಗುತ್ತ ಹೋಗುತ್ತದೆ, ನಾಯಕನ ಜಾಗವೂ ಬದಲಾಗುತ್ತದೆ. ಇದನ್ನು ಬರೀ ಸಂತಚರಿತ್ರೆಯ ಪ್ರಸಂಗಗಳ ಜೋಡಣೆ ಎಂದು ನೋಡಿದರೆ ಈ ಚಲನೆ ತಪ್ಪಿಹೋಗುತ್ತದೆ.

ಪ್ರಥಮ ಪರಮಪ್ರಸಾದದ ಪ್ರಸಂಗ ಇಗರ್ಜಿಯ ಒಳಗೆ ನಡೆಯುವಂಥದ್ದು. 1580ರಲ್ಲಿ 12ರ ಹರೆಯದ ಬಾಲಕನಿಗೆ ಪ್ರಸಾದ ಕೊಟ್ಟವರು ಮಿಲಾನಿನ ಆರ್ಚ್‌ಬಿಷಪ್, ಕಾರ್ಡಿನಲ್ ಚಾರ್ಲ್ಸ್ ಬೊರೊಮಿಯೊ. ಈ ಪ್ರಸಂಗ ಬರೆದ ಚಿತ್ರಕಾರರಿಗೆಲ್ಲ ಬೊರೊಮಿಯೊನನ್ನು ಗುರುತು ಹಿಡಿಸುವ ಕಷ್ಟವಿರಲಿಲ್ಲ. ಕಾರ್ಡಿನಲ್‌ನ ಕೆಂಪು, ಎದ್ದು ಕಾಣುವ ಕೊಕ್ಕಿನಂಥ ಮೂಗು ಸಾಕು. ಬೊರೊಮಿಯೊ 1575ರಲ್ಲಿ ಬೆರ್ಗಾಮೊ ಧರ್ಮಪ್ರಾಂತವನ್ನು ಸಂದರ್ಶಿಸಿ ಅಲ್ಲಿನ ಇಗರ್ಜಿಗಳಿಗೆ ಶಿಸ್ತು ತಂದವರು. ಆ ಸೀಮೆಯಲ್ಲಿ ಬೆಳೆದ ಮೊಸ್ಕೇನಿಗೆ ಈ ಮುಖ ಬಾಲ್ಯದಿಂದಲೇ ಪರಿಚಿತವಾಗಿದ್ದಿರಬೇಕು. ಈ ಪ್ರಸಂಗವನ್ನು ನೋಡುವಾಗ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಸರಳ: ಗುಂಪಿನ ತಲೆಗಳು ಯಾವ ಕಡೆ ತಿರುಗಿವೆ? ಬೆಳಕು ಯಾರ ಮೇಲೆ ಬಿದ್ದಿದೆ? ಎರಡು ಆಕೃತಿಗಳ ನಡುವೆ ಖಾಲಿ ಜಾಗ ಎಲ್ಲಿ ಉಳಿದಿದೆ? ಇಟಲಿಯ ಪರಂಪರೆಯಲ್ಲಿ ಆ ಖಾಲಿ ಜಾಗವೇ ಹೆಚ್ಚಾಗಿ ಚಿತ್ರದ ಕೇಂದ್ರ. ಜನರ ನಡುವೆ ಚಿತ್ರಕಾರ ಬೇಕೆಂದೇ ಬಿಟ್ಟ ಆ ಎಡೆಯಲ್ಲಿ ಪ್ರಸಾದ ಹಿಡಿದ ಕೈ ಬರುತ್ತದೆ.

ಮೊಸ್ಕೇನಿ ಪುನರುಜ್ಜೀವನ ಕಾಲದವರಿಂದ ಬೇರೆಯಾಗುವುದು ಉಡುಪಿನ ವಿಷಯದಲ್ಲಿ. ಹತ್ತೊಂಬತ್ತನೆಯ ಶತಮಾನದ ಅಕಾಡೆಮಿಗಳು ಚರಿತ್ರೆಯನ್ನು ಚರಿತ್ರೆಯ ಬಟ್ಟೆಯಲ್ಲೇ ತೋರಿಸಬೇಕೆಂದು ಕಲಿಸುತ್ತಿದ್ದವು. ಹೀಗಾಗಿ ಗೊನ್ಝಾಗನ ಕಥೆ ಹದಿನಾರನೆಯ ಶತಮಾನದ ವೇಷದಲ್ಲಿ, ಯೇಸುವಿನ ಕಥೆ ಪ್ರಾಚೀನ ಪೂರ್ವದೇಶದ ವೇಷದಲ್ಲಿ ಬರುತ್ತದೆ. ಕೋಟು-ಪಂಚೆಯ ಮಂಗಳೂರಿಗರು ಈ ಗುಂಪುಗಳಲ್ಲಿ ಸೇರಿಲ್ಲ. ಕರ್ಪಾಚ್ಚೊ ಆಗಿದ್ದರೆ ಅವರನ್ನು ಸೇರಿಸುತ್ತಿದ್ದ. ಇದೊಂದು ಕೊರತೆಯೆಂದೇ ಹೇಳಬೇಕು. ಆದರೆ ಸ್ಥಳೀಯರಿಗೆ ಜಾಗ ಪೂರ್ತಿ ಇಲ್ಲವಾಗಲಿಲ್ಲ: ಅವರು ಕೆಳಗೆ, ಬೆಂಚುಗಳಲ್ಲಿದ್ದರು. ಹಿಂಬದಿಯ ಗೋಡೆಯಲ್ಲಿ ಮಕ್ಕಳನ್ನು ಕರೆಯುವ ಯೇಸು, ಮೇಲೆ ಅವರದೇ ವಯಸ್ಸಿನ ಸಂತ, ನಡುವೆ ಕಾಲೇಜಿನ ಹುಡುಗರು. ಈ ಕೋಣೆಯನ್ನು ಯೋಜಿಸಿದ್ದು ಪ್ರವಾಸಿಗರಿಗಾಗಿ ಅಲ್ಲ, ಓದಲು ಬಂದ ಆ ಹುಡುಗರಿಗಾಗಿ. ಯೇಸುವಿನ ಜೀವನದಿಂದ ಆಯ್ದ ಪ್ರಸಂಗಗಳ ಜೊತೆ ಮಕ್ಕಳ ಚಿತ್ರಕ್ಕೆ ಒಂದು ಇಡೀ ಗೋಡೆ ಸಿಕ್ಕಿದ್ದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ.

ಪ್ಲೇಗಿನ ಕಾಲದಲ್ಲಿ ಪ್ಲೇಗಿನ ಚಿತ್ರ

ರೋಗಿಗಳ ಸೇವೆಯ ಚಿತ್ರವನ್ನು ಅದು ಬರೆಯಲ್ಪಟ್ಟ ಕಾಲದೊಂದಿಗೆ ಸೇರಿಸಿ ನೋಡಿದರೆ ಅದರ ಭಾರ ಹೆಚ್ಚುತ್ತದೆ. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗ್ 1898ರಲ್ಲಿ ಬೆಂಗಳೂರಿಗೂ ಮೈಸೂರು ಸೀಮೆಗೂ ನುಗ್ಗಿತು. ಜನ ಊರು ಬಿಟ್ಟು ಬಯಲಿನ ಗುಡಿಸಲುಗಳಲ್ಲಿ ಉಳಿದರು. ಬೆಂಗಳೂರಿನಲ್ಲಿ ಪ್ಲೇಗ್ ಮಾರಮ್ಮನಿಗೆ ಗುಡಿಗಳೆದ್ದವು. ಮಂಗಳೂರಿನಲ್ಲಿ ಮುಲ್ಲರ್ ಅವರು 1902ರಲ್ಲಿ ಪ್ಲೇಗ್ ರೋಗಿಗಳಿಗಾಗಿಯೇ ಆಸ್ಪತ್ರೆ ತೆರೆದರು. ಈ ನಡುವಿನ ವರ್ಷಗಳಲ್ಲೇ ಮೊಸ್ಕೇನಿ ಅಟ್ಟಣಿಗೆಯ ಮೇಲೆ ನಿಂತು ರೋಗಿಯನ್ನು ಆರೈಕೆ ಮಾಡುವ ಅಲೋಶಿಯಸ್‌ನನ್ನು ಬರೆದದ್ದು. ರೋಮಿನ 1591ರ ಘಟನೆ ನೋಡುಗರಿಗೆ ಹಳೆಯ ಚರಿತ್ರೆಯಾಗಿ ಕಂಡಿರಲಾರದು. ಸೋಂಕಿತರನ್ನು ಮುಟ್ಟಬೇಕೋ ಬಿಡಬೇಕೋ ಎಂಬುದು ಆ ದಿನಗಳಲ್ಲಿ ಪ್ರತಿ ಮನೆಯ ಪ್ರಶ್ನೆಯಾಗಿತ್ತು, ಚಿತ್ರ ಅದಕ್ಕೆ ಯಾವ ಮುಚ್ಚುಮರೆಯೂ ಇಲ್ಲದೆ ಉತ್ತರ ಹೇಳುತ್ತದೆ. ಕರ್ಪಾಚ್ಚೊನ ಚಿತ್ರದಲ್ಲಿ ಮಠಾಧಿಕಾರಿ ಪ್ಲೇಗಿನಿಂದ ಪಾರುಮಾಡೆಂದು ಬೇಡುತ್ತಾನೆ; ಇಲ್ಲಿ ಒಬ್ಬ ತರುಣ ರೋಗದ ಕಡೆಗೇ ನಡೆದುಹೋಗುತ್ತಾನೆ. ಚಾಪೆಲ್‌ನ ಎಲ್ಲ ಚಿತ್ರಗಳಲ್ಲಿ ಇದಕ್ಕೇ ಹೆಚ್ಚು ಹೊತ್ತು ಕೊಡಬೇಕು ಎಂಬುದು ಈ ಲೇಖನದ ಅಭಿಪ್ರಾಯ.

ಸಿಸ್ಟೀನ್ ಚಾಪೆಲ್ ಜತೆ ಹೋಲಿಕೆ

ಪ್ರವಾಸೋದ್ಯಮದ ಬರಹಗಳಲ್ಲಿ ಈ ಪ್ರಾರ್ಥನಾಲಯವನ್ನು ವ್ಯಾಟಿಕನ್ನಿನ ಸಿಸ್ಟೀನ್ ಚಾಪೆಲ್‌ಗೆ ಹೋಲಿಸುವುದು ಸಾಮಾನ್ಯ. ಹೋಲಿಕೆ ಗೌರವದಿಂದಲೇ ಹುಟ್ಟಿದ್ದಾದರೂ ಅದು ನೋಡುಗನನ್ನು ತಪ್ಪು ಕಡೆ ಕಳಿಸುತ್ತದೆ. ಮೈಕೆಲ್ಯಾಂಜೆಲೊ 1508–12ರಲ್ಲಿ ಬರೆದ ಆ ಚಾವಣಿಯ ವಸ್ತು ಜಗತ್ತಿನ ಸೃಷ್ಟಿ; ಮಂಗಳೂರಿನ ಚಾವಣಿಯ ವಸ್ತು 23 ವರ್ಷ ಬದುಕಿದ ಒಬ್ಬ ವಿದ್ಯಾರ್ಥಿ. ಮೊಸ್ಕೇನಿಗೆ ನಿಜವಾದ ಪೂರ್ವಿಕನನ್ನು ಹುಡುಕುವುದಾದರೆ ಆಂದ್ರೆಯ ಪೊತ್ಸೊ (1642–1709) ಸಿಗುತ್ತಾನೆ. ಅವನೂ ಗುರುದೀಕ್ಷೆಯಿಲ್ಲದ ಜೆಸ್ವಿಟ್ ಸಹೋದರ. ರೋಮಿನ ಸಂತ ಇಗ್ನೇಷಿಯಸ್ ಇಗರ್ಜಿಯ ಚಪ್ಪಟೆಯಾದ ಜಾಗದಲ್ಲಿ ಗುಮ್ಮಟವನ್ನೇ ಬಣ್ಣದಲ್ಲಿ ಎಬ್ಬಿಸಿದವನು, ರೇಖಾವಿಧಾನದ ಬಗ್ಗೆ 1693ರಲ್ಲಿ ಗ್ರಂಥ ಪ್ರಕಟಿಸಿದವನು. ಅಲೋಶಿಯಸ್‌ನ ಅವಶೇಷಗಳಿರುವುದು ಅದೇ ಇಗರ್ಜಿಯಲ್ಲಿ, ಪೊತ್ಸೊ ರೂಪಿಸಿದ ಬಲಿಪೀಠದ ಅಡಿಯಲ್ಲಿ. ಮಂಗಳೂರಿನ ಚಾಪೆಲ್‌ನಲ್ಲಿ ಕಲ್ಲಿನಂತೆ ತೋರುವ ಬಣ್ಣದ ಕಂಬಗಳನ್ನು ಬೆರಗಿನಿಂದ ನೋಡುವವರು ನೆನೆಯಬೇಕಾದ್ದು ಈ ಪರಂಪರೆಯನ್ನು.

ತಂತ್ರ ಮತ್ತು ಸಂರಕ್ಷಣೆ

ಚಾಪೆಲ್‌ನಲ್ಲಿ ಹಸಿ ಗಾರೆಯ ಮೇಲಿನ ಭಿತ್ತಿಚಿತ್ರಗಳೂ ಕ್ಯಾನ್ವಾಸಿನ ಮೇಲಿನ ತೈಲಚಿತ್ರಗಳೂ ಇವೆ. ಹಸಿ ಗಾರೆಯ ವಿಧಾನದಲ್ಲಿ ಸುಣ್ಣದ ಲೇಪ ಆರುವ ಮುಂಚೆಯೇ ನೀರಿನಲ್ಲಿ ಕಲಸಿದ ಬಣ್ಣ ಹಚ್ಚಬೇಕು. ಸುಣ್ಣ ಗಾಳಿಯ ಸಂಪರ್ಕದಲ್ಲಿ ಗಟ್ಟಿಯಾಗುವಾಗ ಬಣ್ಣ ಗೋಡೆಯ ಭಾಗವೇ ಆಗಿಬಿಡುತ್ತದೆ. ಒಂದು ದಿನಕ್ಕೆ ಬರೆಯಲು ಸಾಧ್ಯವಾಗುವಷ್ಟು ಜಾಗಕ್ಕೆ ಮಾತ್ರ ಗಾರೆ ಬಳಿಯುತ್ತಾರೆ. ತಪ್ಪಿದರೆ ಕೆತ್ತಿ ತೆಗೆದು ಮತ್ತೆ ಬಳಿಯಬೇಕು. ಜನ ತುಂಬಿದ ದೃಶ್ಯವನ್ನು ಹೀಗೆ ಬರೆಯುವವನಿಗೆ ಪ್ರತಿ ಮುಖದ ಜಾಗವೂ ಮೊದಲೇ ಗೊತ್ತಿರಬೇಕು. ತೈಲವರ್ಣದಲ್ಲಿ ತಿದ್ದಲು ಅವಕಾಶ ಹೆಚ್ಚು, ಆದರೆ ಬಟ್ಟೆಗೆ ತೇವವೇ ಶತ್ರು.

ಕರಾವಳಿಯ ಹವೆ ಎರಡಕ್ಕೂ ಒಳ್ಳೆಯದಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆ, ಗಾಳಿಯಲ್ಲಿನ ಉಪ್ಪು, ಬೂಷ್ಟು ಇವು ಬಣ್ಣವನ್ನು ಎಬ್ಬಿಸುತ್ತವೆ. 1990ರ ದಶಕದ ಆರಂಭದಲ್ಲಿ ಇಂಟ್ಯಾಕ್ ಸಂಸ್ಥೆ ಈ ಚಿತ್ರಗಳ ದುರಸ್ತಿ ಕೆಲಸ ಕೈಗೊಂಡಿತು. ಮರುಲೇಪನ ಎಂಬುದು ಗುಂಪುಚಿತ್ರದ ವಿಷಯದಲ್ಲಿ ವಿಶೇಷ ಎಚ್ಚರ ಬೇಡುವ ಕೆಲಸ: ಅಂಚಿನಲ್ಲಿ ನಿಂತ ಒಬ್ಬನ ಕಣ್ಣಿನ ದಿಕ್ಕು ತುಸು ಬದಲಾದರೂ ಚಿತ್ರಕಾರ ನೋಡುಗನಿಗೆ ಹಾಕಿಕೊಟ್ಟ ದಾರಿ ತಪ್ಪುತ್ತದೆ. ಚಾಪೆಲ್‌ನೊಳಗೆ ಫೋಟೊ ತೆಗೆಯಲು ಅನುಮತಿಯಿಲ್ಲ. ಇದರಿಂದ ಬಂದವರು ಫೋನನ್ನು ಜೇಬಿಗಿಳಿಸಿ ತಲೆಯೆತ್ತಿ ನೋಡುವಂತಾಗಿದೆ, ಅದು ಚಿತ್ರಗಳಿಗೂ ನೋಡುಗರಿಗೂ ಒಳ್ಳೆಯದೇ.

ಮೊಸ್ಕೇನಿಯ ಇತರ ಕೆಲಸ ಮಂಗಳೂರಿನ ಜೆಪ್ಪುವಿನ ಸೆಮಿನರಿಯಲ್ಲೂ ಕೇರಳದ ಕೋಯಿಕ್ಕೋಡಿನಲ್ಲೂ ಇದೆ. ಕೊನೆಯದಾಗಿ ಆತ ಕೊಚ್ಚಿಯ ಸಾಂತಾ ಕ್ರೂಸ್ ಇಗರ್ಜಿಯನ್ನು ಚಿತ್ರಿಸಿದ. ಲಿಯೊನಾರ್ಡೊನ ಕಡೆಯ ಭೋಜನವನ್ನು ಮಾದರಿಯಾಗಿಟ್ಟುಕೊಂಡು ಬರೆದ ಚಿತ್ರವೂ ಅಲ್ಲಿದೆ. ಆ ಇಗರ್ಜಿಯ ಪ್ರತಿಷ್ಠೆ ನಡೆದದ್ದು 1905ರ ನವೆಂಬರ್ 19ರಂದು. ಅದಕ್ಕೆ ಕೆಲವೇ ದಿನ ಮೊದಲು ಮೊಸ್ಕೇನಿ ಕೊಚ್ಚಿಯಲ್ಲಿ ತೀರಿಕೊಂಡ.